ಬಾಲವಿಲ್ಲದ ಅಕ್ಷರ

ಮಹಬೂಬೀಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ರಾಯಚೂರಿನ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದ ಓಣಿಯವರೆಲ್ಲ ಹೇಳುತ್ತಿದ್ದರು. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಆ ಸಿಟ್ಟು ಮೂಗಿಗೆ ಏರುವ ಮುಂಚೆ ಎಷ್ಟು ವರ್ಷ ಹೊಟ್ಟೆಯಲ್ಲಿ ಕುದಿಯಿತು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಆ ಓಣಿಯ ಎಷ್ಟೋ ಗಂಡಸರು ತಲೆ ತಗ್ಗಿಸಬೇಕಾಗುತ್ತಿತ್ತು, ಎಲ್ಲರಿಗಿಂತ ಮೊದಲು ಅವಳ ಅಪ್ಪ.

ಅಪ್ಪ ಅಮೀರ್ ಸಾಬ್ ಕಾತಿಬರು. ನಿಜಾಮನ ರಾಜ್ಯದಲ್ಲಿ ಕಾತಿಬ ಎಂದರೆ ಕಲ್ಲಚ್ಚಿನ ಛಾಪಖಾನೆಗೆ ಉರ್ದುವನ್ನು ಕೈಯಿಂದ ಬರೆದುಕೊಡುವವನು. ಮದುವೆಯ ಪತ್ರಿಕೆಯಿರಲಿ, ಹರಾಜಿನ ಜಾಹೀರಾತಿರಲಿ, ಜೊಂಡಿನ ಕಲಮಿನಿಂದ ಕಾಗದದ ಮೇಲೆ ಅವರು ಬರೆದದ್ದು ಕಲ್ಲಿಗೆ ಇಳಿದು, ಕಲ್ಲಿನಿಂದ ಸಾವಿರ ಹಾಳೆಗೆ ಏರುತ್ತಿತ್ತು. ತಾಯಿಯಿಲ್ಲದ ಮಹಬೂಬೀ ಎಂಟನೆಯ ವಯಸ್ಸಿನಿಂದ ಆ ಕಲಮುಗಳನ್ನು ಕೆತ್ತಿಕೊಡುತ್ತಿದ್ದಳು. ಕಲಮು ಕೆತ್ತುವುದೆಂದರೆ ಬದನೆಕಾಯಿ ಹೆಚ್ಚಿದಂತಲ್ಲ. ಮೂತಿಯನ್ನು ಓರೆಯಾಗಿ ಒಂದೇ ಏಟಿಗೆ ಕತ್ತರಿಸಬೇಕು. ಓರೆ ಒಂದು ಎಳ್ಳಿನಷ್ಟು ತಪ್ಪಿದರೂ ದಪ್ಪ ಗೆರೆ ಬಾತುಕೊಳ್ಳುತ್ತದೆ, ಸಣ್ಣ ಗೆರೆ ಸೀಳುತ್ತದೆ. ಕೆತ್ತಿದ ಕಲಮನ್ನು ಸರಿಯಿದೆಯೋ ಇಲ್ಲವೋ ಎಂದು ನೋಡಲು ಒಂದೆರಡು ಅಕ್ಷರ ಬರೆಯಲೇಬೇಕಲ್ಲ, ಹಾಗೆ ಬರೆಯುತ್ತ ಬರೆಯುತ್ತ ಹುಡುಗಿ ಬರವಣಿಗೆಯನ್ನೇ ಕಲಿತುಬಿಟ್ಟಳು. ಅಮೀರ್ ಸಾಬ್ ನೋಡಿ ತಿದ್ದುತ್ತಿದ್ದರು, ಚೆನ್ನಾಗಿದ್ದರೆ "ಹ್ಞೂಂ" ಎನ್ನುತ್ತಿದ್ದರು. ಆ ಒಂದು ಹ್ಞೂಂಗಾಗಿ ಅವಳು ಮಧ್ಯಾಹ್ನದ ಊಟ ಬಿಟ್ಟು ಕೂತದ್ದುಂಟು.

ಕಾತಿಬರಲ್ಲಿ ಒಂದು ರಿವಾಜಿತ್ತು. ಬರೆದ ಹಾಳೆಯ ಕೆಳಮೂಲೆಯಲ್ಲಿ ಎರಡು ಹೆಸರು ಇರಬೇಕು, ಬರೆದವನದೊಂದು, ಅವನಿಗೆ ಕಲಿಸಿದ ಉಸ್ತಾದರದೊಂದು. ಆದರೆ ಉಸ್ತಾದರು ನಾಲ್ಕು ಜನರ ಮುಂದೆ ಇಜಾಜತ್, ಅಂದರೆ ಅಪ್ಪಣೆ, ಕೊಡುವವರೆಗೆ ಶಿಷ್ಯನಾದ ಶಾಗಿರ್ದ ಎಷ್ಟೇ ಚೆನ್ನಾಗಿ ಬರೆದರೂ ಸಹಿ ಮಾಡುವಂತಿರಲಿಲ್ಲ. ಮಹಬೂಬೀ ಹದಿನೆಂಟು ತುಂಬಿದಾಗ ಮೊದಲ ಸಲ ಕೇಳಿದಳು.

"ಅಬ್ಬಾ, ನನಗ ಇಜಾಜತ್ ಯಾವಾಗ ಕೊಡ್ತೀರಿ?"

"ಕೊಡೋಣ ಬೇಟಿ. ಕೈ ಇನ್ನೂ ಮಾಗಲಿ."

ಮರುವರ್ಷ ಕೇಳಿದಳು, ಅದೇ ಉತ್ತರ. ಅದರ ಮರುವರ್ಷವೂ ಅದೇ. ಮಾವಿನಕಾಯಿಯಾದರೂ ಇಷ್ಟರಲ್ಲಿ ಹುಲ್ಲಿನಲ್ಲಿ ಮಾಗಿ ಕೊಳೆತುಹೋಗುತ್ತಿತ್ತು! ಅಷ್ಟರಲ್ಲಿ ಅಮೀರ್ ಸಾಬರ ಕಣ್ಣಿಗೆ ಪೊರೆ ಬಂತು. ಅವರು ಅರ್ಧ ಬರೆದ ಹಾಳೆಯನ್ನು ಇವಳು ಮುಗಿಸಿದಳು, ಆಮೇಲೆ ಪೂರ್ತಿ ಹಾಳೆಯನ್ನೇ ಬರೆಯತೊಡಗಿದಳು. ಮೂರು ವರ್ಷ ಛಾಪಖಾನೆಯವರಿಗೆ ಗೊತ್ತೇ ಆಗಲಿಲ್ಲ. ಕೆಳಮೂಲೆಯಲ್ಲಿ ಅಪ್ಪನ ಸಹಿಯನ್ನೂ ಅವಳೇ ಹಾಕುತ್ತಿದ್ದಳು. ಅದಕ್ಕೆ ಅವಳು ಸಿಟ್ಟಾಗಲಿಲ್ಲ. ಮುದುಕನ ಅನ್ನ, ಹೋಗಲಿ ಎಂದಳು.

ಕನ್ನಡ ಅಕ್ಷರ ಅವಳಿಗೆ ಬಂದದ್ದು ಹಿತ್ತಲ ಗೋಡೆಯ ಮೇಲಿಂದ. ಆಚೆ ಮನೆಯಲ್ಲಿ ಶೇಷಗಿರಿ ಮಾಸ್ತರರೂ ಅವರ ಹೆಂಡತಿ ಜಾನಕಿಬಾಯಿಯೂ ಇದ್ದರು. ಜಾನಕಿಬಾಯಿ ಮಡಿಯ ಹೆಂಗಸು, ಗೋಡೆ ದಾಟುತ್ತಿರಲಿಲ್ಲ. ಆದರೆ ಗೋಡೆಯ ಮೇಲೆ ಇದ್ದಿಲಿನಿಂದ ಅ ಆ ಇ ಈ ಬರೆದು ತೋರಿಸಲು ಮಡಿ ಅಡ್ಡ ಬರಲಿಲ್ಲ. ಆರು ತಿಂಗಳಲ್ಲಿ ಮಹಬೂಬೀ ಕಲಿತಳು. ಸಾವಿರದ ಒಂಬೈನೂರ ನಲವತ್ತನಾಲ್ಕರಲ್ಲಿ ಮಾಸ್ತರರು ನಾಲ್ಕು ಜನರನ್ನು ಸೇರಿಸಿ ಒಂದು ಕನ್ನಡ ವಾಚನಾಲಯ ತೆಗೆದರು. ಅದಕ್ಕೊಂದು ಬೋರ್ಡು ಬೇಕಾಯಿತು.

ಆ ದಿನಗಳಲ್ಲಿ ಊರಿನ ಬೋರ್ಡುಗಳ ಮೇಲೆ ಉರ್ದು ಜರತಾರಿ ಉಟ್ಟು ಕೂತಿರುತ್ತಿತ್ತು, ಅದರ ಕೆಳಗೆ ಕನ್ನಡ ಬಾಡಿಗೆಯವರ ಹಾಗೆ ಮುದುಡಿಕೊಂಡಿರುತ್ತಿತ್ತು. ಬರೆಯುವ ಪೇಂಟರುಗಳು ಎಲ್ಲ ಗೆರೆಯನ್ನೂ ಹಗ್ಗದಂತೆ ಒಂದೇ ದಪ್ಪಕ್ಕೆ ಎಳೆದು, ಪ್ರತಿ ಅಕ್ಷರದ ತುದಿಗೆ ಒಂದು ಬಾಲ, ಬಾಲದ ತುದಿಗೆ ಒಂದು ಗುಂಡು ಇಡುತ್ತಿದ್ದರು. ಜಾನಕಿಬಾಯಿ ತೋರಿಸಿದ ಒಂದು ನಮೂನೆ ನೋಡಿ ಮಹಬೂಬೀ ಕೇಳಿದಳು, "ಇದೇನ್ರಿ ಬಾಯಾರ, ಅಕ್ಷರನೋ, ಹಲ್ಲಿ ಹಿಂಡೋ?"

ಅವಳು ಅಪ್ಪನ ಅಗಲದ ಕಲಮನ್ನೇ ತೆಗೆದುಕೊಂಡಳು. ಅಲ್ಲಿಯೇ ಒಂದು ತಪ್ಪಾಯಿತು. ಉರ್ದು ಬಲದಿಂದ ಎಡಕ್ಕೆ ಹೋಗುತ್ತದೆ, ಆ ಕಲಮಿನ ಓರೆ ಅದಕ್ಕೆ ತಕ್ಕದ್ದು. ಕನ್ನಡ ಎಡದಿಂದ ಬಲಕ್ಕೆ. ಕನ್ನಡಕ್ಕೆ ಬೇರೆ ಓರೆ ಬೇಕೆಂದು ಅವಳಿಗೆ ಹೇಳಿಕೊಟ್ಟವರಿರಲಿಲ್ಲ. ಹಾಗಾಗಿ ದಪ್ಪ ಬೀಳಬೇಕಾದಲ್ಲಿ ಕೂದಲೆಳೆಯಂಥ ಗೆರೆ ಬಂತು, ಸಣ್ಣಗಿರಬೇಕಾದ ಪಕ್ಕೆಗಳು ಮೈತುಂಬಿಕೊಂಡವು. ತುದಿಗಳನ್ನು ಅವಳು ಸೌತೆಕಾಯಿ ಕೊಯ್ದ ಹಾಗೆ ನೇರ ಕೊಯ್ದು ನಿಲ್ಲಿಸಿದಳು. ಬಾಲವಿಲ್ಲ, ಗುಂಡಿಲ್ಲ.

"ದಪ್ಪ ಎಲ್ಲಾ ಉಲ್ಟಾ ಬಿದ್ದದಲ್ಲ ಮಹಬೂಬೀ," ಎಂದರು ಜಾನಕಿಬಾಯಿ. ಆದರೂ ಆ ಹಾಳೆಯನ್ನು ಗೋಡೆಗೆ ತಗಲಿಸಿ, ತಾವು ಬಾವಿಯ ತನಕ ಹಿಂದೆ ಸರಿದು ನಿಂತು ನೋಡಿದರು. ಅಷ್ಟು ದೂರದಿಂದಲೂ ಒಂದೊಂದು ಅಕ್ಷರ ಎದೆಯೆತ್ತಿ ನಿಂತು ತನ್ನನ್ನು ತಾನೇ ಓದಿಸಿಕೊಳ್ಳುತ್ತಿತ್ತು. ಅವರು ಗೋಡೆಯ ಹತ್ತಿರ ಮರಳಿ ಬಂದರು. ಆಮೇಲೆ, "ಇದನ್ನ ತಿದ್ದಬ್ಯಾಡ," ಎಂದರು.

ಇನ್ನು ಗಂಡನ ವಿಷಯ. ಖಾಜಾಮಿಯಾ ಮಾನ್ವಿಯವನು, ಬಜಾರದಲ್ಲಿ ಬಟ್ಟೆ ಮಾರುತ್ತ ಮಾವನ ಮನೆಯಲ್ಲೇ ಇದ್ದ. ಕೆಟ್ಟವನಲ್ಲ, ಹೊಗಳಿಕೆಯ ಹಸಿವಿನವನು. ಮಹಬೂಬೀ ಹೊರಗೆ ಹೋಗಿ ಬೋರ್ಡು ಬರೆಯುವ ಮಾತೇ ಇರಲಿಲ್ಲವಲ್ಲ, ಹಾಗಾಗಿ ಅವಳು ದೊಡ್ಡ ಕಾಗದದ ಮೇಲೆ ಅಕ್ಷರ ಬರೆದು, ಅಂಚಿನುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ ಕೊಡುತ್ತಿದ್ದಳು. ಅವನು ಕಾಗದವನ್ನು ಹಲಗೆಗೆ ಅಂಟಿಸಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟುತ್ತಿದ್ದ. ತೂತಿನಿಂದ ಪುಡಿ ಇಳಿದು ಅಕ್ಷರದ ಅಂಚು ಮೂಡುತ್ತಿತ್ತು. ಅದರೊಳಗೆ ಬಣ್ಣ ತುಂಬುವುದಷ್ಟೇ ಅವನ ಕೆಲಸ. ರಂಗೋಲಿಯ ಕೊಳವೆ ಉರುಳಿಸಿದವನೆಲ್ಲ ರಂಗೋಲಿ ಹಾಕಿದವನಾಗುವುದಾದರೆ ಖಾಜಾಮಿಯಾ ಕೂಡ ಬರಹಗಾರನೇ.

ವಾಚನಾಲಯದ ಬೋರ್ಡು ಏರಿದ ದಿನ ಅವನು ನಗುತ್ತ ಮನೆಗೆ ಬಂದ. "ಬರದವರು ಯಾರು ಅಂತ ಕೇಳಿದ್ರು. ನಾನೇ ಅಂದುಬಿಟ್ಟೆ!" ಮಹಬೂಬೀಯೂ ನಕ್ಕಳು. ಅಂದು ನಗಬಾರದಿತ್ತು.

ನಲವತ್ತೆಂಟರಲ್ಲಿ ನಿಜಾಮನ ಆಳ್ವಿಕೆ ಹೋಗಿ ಸರ್ಕಾರ ಬದಲಾಯಿತು. ಉರ್ದುವಿನ ಕೆಲಸ ಒಮ್ಮೆಲೇ ಬತ್ತಿತು, ಎಲ್ಲರಿಗೂ ಕನ್ನಡದ ಬೋರ್ಡು ಬೇಕಾಯಿತು. ಚಂದ್ರಬಂಡದಿಂದ ಬಾಗಲವಾಡದವರೆಗೆ "ಪೇಂಟರ್ ಖಾಜಾಮಿಯಾ" ಎಂಬ ಹೆಸರು ಹಬ್ಬಿತು. ಅವನು ಬಟ್ಟೆಯ ಗಂಟು ಕಟ್ಟಿಟ್ಟು, ಅಂಗಿಗೆ ಬೇಕೆಂದೇ ಒಂದಿಷ್ಟು ಬಣ್ಣ ಮೆತ್ತಿಕೊಂಡು ತಿರುಗತೊಡಗಿದ. ಮಹಬೂಬೀ ಒಳಗೆ ಕೂತು ಬರೆದಳು, ಚುಚ್ಚಿದಳು, ಸುತ್ತಿ ಕೊಟ್ಟಳು. ಓಣಿಯ ವಾಚನಾಲಯದ ಬೋರ್ಡೊಂದನ್ನು ಬಿಟ್ಟರೆ ತನ್ನ ಅಕ್ಷರ ಹೊರಗೆ ಹೇಗೆ ನಿಂತಿದೆ ಎಂದು ಅವಳು ಕಂಡೇ ಇರಲಿಲ್ಲ.

ಕಂಡದ್ದು ದೇವದುರ್ಗದಲ್ಲಿ, ನೆಂಟರ ನಿಕಾಹಕ್ಕೆ ಹೋದಾಗ. ಬಜಾರದಲ್ಲಿ ಮುದುಕಪ್ಪನ ಬಟ್ಟೆಯಂಗಡಿಯ ಮೇಲೆ ಅವಳದೇ ಅಕ್ಷರ. ಬುರ್ಖಾದ ಜಾಲರಿಯಿಂದ ನೋಡಿದಳು, ಮತ್ತೆ ನೋಡಿದಳು. ಕೂದಲೆಳೆಯ ಗೆರೆಗಳೆಲ್ಲ ಬಾತುಕೊಂಡಿದ್ದವು. ಕೊಯ್ದು ನಿಲ್ಲಿಸಿದ ತುದಿಗಳಿಗೆಲ್ಲ ಬಾಲ ಬೆಳೆದಿತ್ತು, ಪ್ರತಿ ಬಾಲಕ್ಕೂ ಒಂದು ಕೆಂಪು ಗುಂಡು. ಅವಳ ಜೊತೆಗಿದ್ದ ಖಾಜಾಮಿಯಾನ ಗುರುತು ಹಿಡಿದ ಮುದುಕಪ್ಪ ಅಂಗಡಿಯಿಂದ ಅವಳಿಗೆ ಕೈಮುಗಿದು, "ನಿಮ್ಮ ಯಜಮಾನ್ರು ಭಾರಿ ಬರೀತಾರ ಬಿಡ್ರಿ ಯವ್ವಾ," ಎಂದ. ಹೆತ್ತ ಕೂಸಿಗೆ ಯಾರೋ ಮಸಿ ಬಳಿದು, ಚಂದ ಅದ ನೋಡು ಎಂದು ತಾಯಿಗೇ ತೋರಿಸಿದರೆ ಹೇಗಾದೀತು?

ರಾಯಚೂರಿಗೆ ಮರಳಿದ ಮೇಲೆ ಗಂಡನನ್ನು ನಿಲ್ಲಿಸಿ ಕೇಳಿದಳು.

"ಗಿರಾಕಿ ಬಾಲ ಕೇಳಿದ, ಕೊಟ್ಟೆ. ಅದಕ್ಯಾಕ ಇಷ್ಟ ಹಾರಾಡ್ತಿ?" ಎಂದ ಖಾಜಾಮಿಯಾ.

"ಕೇಳಿದ್ರ ನಿಮ್ಮ ಮೂಗಿಗೂ ಒಂದು ಹಚ್ಚಿಕೊಂಡು ಬರತಿದ್ರೇನು? ಇನ್ನ ಮ್ಯಾಲ ನನ್ನ ಹೆಸರಿಲ್ಲದ ಒಂದು ಬೋರ್ಡೂ ಹೋಗಂಗಿಲ್ಲ. ಹೆಸರಿದ್ರ ಯಾವನಾದ್ರೂ ಬಾಲ ಹಚ್ಚಾಕ ಹೆದರ್ತಾನ."

"ಹೆಸರ ಹಾಕಾಕ ನಿನಗ ಇಜಾಜತ್ ಎಲ್ಲದ?"

ಅವನ ಬಾಯಿಂದ ಬಂದ ಒಂದೇ ಒಂದು ನಿಜ ಅದು. ಅವಳು ಮತ್ತೆ ಅಪ್ಪನ ಮುಂದೆ ಹೋಗಿ ನಿಂತಳು.

ಅದೇ ಹೊತ್ತಿಗೆ ಗೋಪಾಲಕೃಷ್ಣಾಚಾರ್ಯರು ಎಂಬೊಬ್ಬರು ಮನೆಗೆ ಬಂದರು. ಮಾನ್ವಿಯಲ್ಲಿ ಹೊಸದಾಗಿ ಛಾಪಖಾನೆ ಹಾಕುತ್ತಿದ್ದವರು. ವಾಚನಾಲಯದ ಬೋರ್ಡನ್ನು ನೋಡಿ, ಬಿಸಿಲಲ್ಲೇ ಅರ್ಧ ಗಂಟೆ ನಿಂತಿದ್ದರಂತೆ. ಸಭೆ, ನಾಟಕಗಳ ದೊಡ್ಡ ಜಾಹೀರಾತಿಗೆ ತಲೆಬರಹ ಹಾಕಲು ಅದೇ ಅಕ್ಷರವನ್ನು ಕಟ್ಟಿಗೆಯಲ್ಲಿ ಕೆತ್ತಿಸಬೇಕೆಂದು ಅವರ ಆಸೆ. ಅದಕ್ಕೆ ಇಡೀ ವರ್ಣಮಾಲೆ, ಕಾಗುಣಿತ, ಒತ್ತಕ್ಷರ ಎಲ್ಲ ಬೇಕು. "ಅಕ್ಷರಕ್ಕ ಬರದವರ ಹೆಸರೇ ಇಡೋಣ ಖಾಜಾಮಿಯಾ," ಎಂದರು. ಖಾಜಾಮಿಯಾ ನೆಲ ನೋಡಿದ, ಅಲ್ಲ ಎನ್ನಲಿಲ್ಲ.

ಮಹಬೂಬೀ ಪರದೆಯ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ಗೋಡೆಯ ಬೋರ್ಡು ಬಿಸಿಲಿಗೆ ಅಳಿಸೀತು. ಕಟ್ಟಿಗೆಯ ಅಕ್ಷರಕ್ಕೆ ಒಮ್ಮೆ ಒಂದು ಹೆಸರು ಬಿದ್ದರೆ ಅದು ಇವರೆಲ್ಲ ಸತ್ತ ಮೇಲೂ ಹೋಗುವುದಿಲ್ಲ. ಆಚಾರ್ಯರು ಹೊರಟ ಮೇಲೆ ಅವಳು ಅಪ್ಪನಿಗೆ ಹೇಳಿಯೇಬಿಟ್ಟಳು, ಇಜಾಜತ್ ಸಿಗದಿದ್ದರೆ ಒಂದು ಗೆರೆಯನ್ನೂ ಎಳೆಯುವುದಿಲ್ಲವೆಂದು.

ಅಮೀರ್ ಸಾಬ್ ಗಡ್ಡ ನೀವಿಕೊಂಡರು. "ಪೂರಾ ಬರದು ಮುಗಸು ಬೇಟಿ. ಮುಗಿದ ಮ್ಯಾಲ ಜುಮ್ಮಾ ದಿನ ನಾಲ್ಕು ಮಂದಿ ಮುಂದ ಇಜಾಜತ್ ಕೊಡ್ತೀನಿ."

ಎರಡು ತಿಂಗಳು ಅವಳು ಬರೆದಳು. ಹಾಗೆ ಅವಳು ಹಿಂದೆಂದೂ ಬರೆದಿರಲಿಲ್ಲ. ಒಂದು "ಳ" ಸರಿಬರಲಿಲ್ಲವೆಂದು ನಲವತ್ತು ಸಲ ಹರಿದಳು. ಕೊನೆಯ ಒತ್ತಕ್ಷರ ಮುಗಿದ ಶುಕ್ರವಾರ ನಾಲ್ವರು ಹಿರಿಯ ಕಾತಿಬರು ನಮಾಜು ಮುಗಿಸಿಕೊಂಡು ಮನೆಗೆ ಬಂದರು. ಮಹಬೂಬೀ ತಾನೇ ಸಿಹಿಯನ್ನ ಮಾಡಿ, ಹೊಸ ಓಢನಿ ಹೊದ್ದು, ಯಾವಾಗ ಕರೆಯುತ್ತಾರೋ ಎಂದು ಪರದೆಯ ಹಿಂದೆ ನಿಂತಳು. ಅಮೀರ್ ಸಾಬ್ ಕೈ ಚಾಚಿ, ತಡಕಾಡಿ, ಕಲಮನ್ನು ಎತ್ತಿಕೊಂಡರು. ಬಿಸ್ಮಿಲ್ಲಾ ಹೇಳಿದರು. ಆ ಕಲಮನ್ನು ಖಾಜಾಮಿಯಾನ ಕೈಯಲ್ಲಿಟ್ಟರು.

"ಇವನು ನನ್ನ ಶಾಗಿರ್ದ. ಇವತ್ತಿನಿಂದ ಇವನ ಹೆಸರಿನ ಜೋಡಿ ನನ್ನ ಹೆಸರ ಬರಕೊಳ್ಳಾಕ ಇಜಾಜತ್ ಅದ."

ಹಿರಿಯರು ಮುಬಾರಕ್ ಹೇಳಿದರು. ಮಹಬೂಬೀ ಮಾಡಿದ ಸಿಹಿಯನ್ನವನ್ನೇ ಬಾಯಿ ಚಪ್ಪರಿಸಿಕೊಂಡು ಉಂಡರು. ಖಾಜಾಮಿಯಾ ಕಲಮನ್ನು ಹಿಡಿದ ರೀತಿ ನೋಡಿದ್ದರೆ ಯಾರಿಗಾದರೂ ಗೊತ್ತಾಗಬೇಕಿತ್ತು, ಅವನು ಅದನ್ನು ಬೀಡಿಯಂತೆ ಹಿಡಿದಿದ್ದ. ಆದರೆ ನೋಡಬೇಕೆಂದಿದ್ದವರು ಅಲ್ಲಿ ಯಾರಿದ್ದರು? ಕಣ್ಣಿಲ್ಲದವನು ಅಮೀರ್ ಸಾಬ್ ಒಬ್ಬನೇ ಎಂದು ಊರು ತಿಳಿದಿತ್ತು.

ಹಿರಿಯರು ಹೋದ ಮೇಲೆ ಅವಳು ಪರದೆ ಸರಿಸಿ ಹೊರಗೆ ಬಂದಳು.

"ಅಬ್ಬಾ, ಕುರುಡರಾಗಿದ್ರೂ ನಿಮಗ ಗೊತ್ತಿತ್ತು. ನನ್ನ ಗೆರಿ ನಿಮಗ ಗೊತ್ತಿಲ್ಲೇನು?"

"ಗೊತ್ತದ," ಎಂದರು ಅಮೀರ್ ಸಾಬ್. "ಹೆಣ್ಣಮಗಳ ಹೆಸರ ಬಜಾರದಾಗ ಗ್ವಾಡಿ ಮ್ಯಾಲ ತೂಗಾಡಬೇಕೇನು? ಗಂಡನ ಹೆಸರಂದ್ರ ನಿನ್ನ ಹೆಸರೇ."

"ಬರದ ಕೈ ಯಾರದು?"

"ಕೈ ನಂದು. ನಾ ಕಲಿಸಿದ ಕೈ."

ಇಷ್ಟು ವರ್ಷ ಅವಳು ಅಪ್ಪ ಹೆಸರೊಂದನ್ನು ತಡೆದಿದ್ದಾರೆ ಎಂದುಕೊಂಡಿದ್ದಳು. ಕೈಯನ್ನೂ ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರೆ ಎಂದು ಅಂದು ಗೊತ್ತಾಯಿತು.

"ನಾ ಹಂಗೇ ಸಹಿ ಮಾಡ್ತೀನಿ," ಎಂದಳು.

"ಇಜಾಜತ್ ಇಲ್ಲದ ಸಹಿ ಮಾಡಿದವರಿಗಿ ಬೇಉಸ್ತಾದ ಅಂತಾರ. ಹೇಳಕೊಡವರಿಲ್ಲದ ಅನಾಥ ಅಂತಾರ. ಅದಕ್ಕಿಂತ ದೊಡ್ಡ ಬೈಗಳ ನಮ್ಮಾಗಿಲ್ಲ. ಬೇಕೇನು ಅದು ನಿನಗ?"

ಮರುದಿನ ಬೆಳಿಗ್ಗೆ ಖಾಜಾಮಿಯಾ ಹೊಸ ಶೇರವಾನಿ ಹೊಲಿಸಲು ದರ್ಜಿಯ ಹತ್ತಿರ ಹೋದಾಗ, ಅವಳು ಹಾಳೆಗಳನ್ನೆಲ್ಲ ಸುತ್ತಿ ಬಗಲಲ್ಲಿಟ್ಟು ಹೊರಬಿದ್ದಳು. ಜಾನಕಿಬಾಯಿಯ ತವರು ಮಾನ್ವಿ. ಸುದ್ದಿ ಕೇಳಿ ಅವರು ಒಂದೇ ಮಾತು ಹೇಳಿದರು, "ತಡಿ, ಬಾಗಲಾ ಮುಂದ ಮಾಡಿ ಬರ್ತೀನಿ." ಇಬ್ಬರೂ ಸರ್ವಿಸ್ ಮೋಟಾರು ಹತ್ತಿದರು, ಒಬ್ಬರು ಕಚ್ಚೆ ಸೀರೆಯಲ್ಲಿ, ಇನ್ನೊಬ್ಬರು ಬುರ್ಖಾದಲ್ಲಿ.

ಅಂದು ಮಾನ್ವಿಯ ಸಂತೆ. ಗೋಪಾಲಕೃಷ್ಣಾಚಾರ್ಯರು ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು.

"ಖಾಜಾಮಿಯಾ ಬರಲಿಲ್ಲೇನ್ರಿ?"

"ಬರದಾಕಿ ಬಂದೀನಿ," ಎಂದಳು ಮಹಬೂಬೀ.

ಆಚಾರ್ಯರು ಜಾನಕಿಬಾಯಿಯ ಮುಖ ನೋಡಿದರು. ಜಾನಕಿಬಾಯಿ ತಲೆಯಾಡಿಸಿದರು. ಆಚಾರ್ಯರಿಗೆ ಮುಜುಗರವಾಯಿತು. "ಇರಲಿ ಬಿಡ್ರಿ. ಅಕ್ಷರ ಛಂದ ಅದಾವ. ಯಾರ ಬರದ್ರೇನು?"

ಒಳ್ಳೆಯ ಮನುಷ್ಯ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಆ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. "ಯಾರ ಬರದ್ರೇನು ಅಲ್ರಿ ಆಚಾರ್ರ! ಇಷ್ಟ ದಿನ ಎಲ್ಲಾರೂ ಅದನ್ನೇ ಅಂದ್ರು. ನಿಮ್ಮ ಮುಂದಿನ ಗ್ವಾಡಿ ಖಾಲಿ ಅದ. ಬಣ್ಣ ಕೊಡ್ರಿ."

ಛಾಪಖಾನೆಯ ಮುಂದಿನ ಗೋಡೆಗೆ ಸುಣ್ಣ ಬಳಿದು ಹೆಸರಿಗೆಂದು ಬಿಟ್ಟಿದ್ದರು. ಅವಳು ಕಾಗದ ಅಂಟಿಸಲಿಲ್ಲ, ತೂತು ಚುಚ್ಚಲಿಲ್ಲ. ನಾಲ್ಕು ಬೆರಳಗಲದ ಬಿದಿರಿನ ಸೀಳೊಂದನ್ನು ಕಲಮಿನ ಓರೆಗೆ ಕೆತ್ತಿ, ಮೂತಿಗೆ ಬಟ್ಟೆ ಸುತ್ತಿ, ಬುರ್ಖಾದ ಮುಸುಕನ್ನು ಹಿಂದಕ್ಕೆ ಎಸೆದು ಏಣಿ ಹತ್ತಿದಳು. ಸಂತೆ ಅತ್ತ ತಿರುಗಿತು. "ಲೇ, ಹೆಣ್ಣಮಗಳು ಗ್ವಾಡಿ ಏರ್ಯಾಳ ನೋಡ್ರಲೇ!" ಎಂದು ಯಾವನೋ ಕೂಗಿದ. ಜೋಳದ ಚೀಲ ಬಿಟ್ಟು, ಎತ್ತಿನ ಹಗ್ಗ ಬಿಟ್ಟು ಜನ ಬಂದು ನಿಂತರು. ಅವಳು ಮೊದಲ ಗೆರೆ ಎಳೆದಳು. ದಪ್ಪದಿಂದ ಕೂದಲೆಳೆಗೆ ಒಂದೇ ಉಸಿರಿನಲ್ಲಿ ಇಳಿದು, ತುದಿಯಲ್ಲಿ ಕೊಯ್ದಂತೆ ನಿಂತಿತು. ಕೂಗುತ್ತಿದ್ದವರು ಬಾಯಿ ಮುಚ್ಚಿದರು.

ಗುಂಪನ್ನು ಸೀಳಿಕೊಂಡು ಖಾಜಾಮಿಯಾನ ಚಿಕ್ಕಪ್ಪ ಬಂದ. "ಇಳಿ ಕೆಳಗ! ಮನಿ ಮಾನ ಕಳದಿ!"

"ಬಣ್ಣ ಹಸಿ ಅದ, ದೂರ ನಿಲ್ರಿ," ಎಂದಳು ಅವಳು, ತಿರುಗಿಯೂ ನೋಡದೆ.

ಛಾಪಖಾನೆಯ ಹೆಸರು ಮುಗಿಯಿತು. ಕೆಳಮೂಲೆಯಲ್ಲಿ ಅವಳು ಬಿದಿರಿನ ಅಂಚಿನಿಂದ ಚಿಕ್ಕದಾಗಿ "ಮಹಬೂಬೀ" ಎಂದು ಬರೆದಳು. ಪಕ್ಕದಲ್ಲಿ ಉಸ್ತಾದರ ಹೆಸರಿನ ಜಾಗ. ಅಲ್ಲಿ ಬಿದಿರು ತುಸು ಹೊತ್ತು ನಿಂತಿತು, ಆಮೇಲೆ "ಉಸ್ತಾದ್ ಇಲ್ಲ" ಎಂದು ಬರೆಯಿತು. ಮೇಜಿನ ಮೇಲಿದ್ದ ಹಾಳೆಗಳ ಕೊನೆಯಲ್ಲೂ ಹಾಗೆಯೇ ಬರೆದಳು. ಆಚಾರ್ಯರು ಹೆಗಲ ಮೇಲಿನ ಉತ್ತರೀಯ ಸರಿಮಾಡಿಕೊಂಡು, "ಅಕ್ಷರಕ್ಕ ಮಹಬೂಬೀ ಅಂತೇ ಹೆಸರಿಡತೀನ್ರಿ," ಎಂದರು.

ಸಂತೆಯ ಸುದ್ದಿಗೆ ಮೋಟಾರಿಗಿಂತ ಕಾಲು ಜೋರು. ಸಂಜೆಯ ಹೊತ್ತಿಗೆ ಅವಳು ಮನೆಗೆ ಬಂದಾಗ ಖಾಜಾಮಿಯಾ ಮುಖ ತಿರುಗಿಸಿಕೊಂಡು ಕಟ್ಟೆಯ ಮೇಲೆ ಕೂತಿದ್ದ. ಅಮೀರ್ ಸಾಬ್ ಮಂಚದ ಮೇಲೆ ನೆಟ್ಟಗೆ ಕೂತು ಬಾಗಿಲಿನ ಸದ್ದಿಗೆ ಕಾಯುತ್ತಿದ್ದರು.

"ಇಪ್ಪತ್ತು ವರ್ಷ ಕಲಿಸಿದೆ," ಎಂದರು. "ಇಪ್ಪತ್ತು ವರ್ಷ! ಸಂತ್ಯಾಗ ನನ್ನ ಇಲ್ಲ ಅಂತ ಬರದಿ?"

"ಬರದೀನಿ. ನಿಮ್ಮ ಹೆಸರ ಬರೀಬೇಕಂತೇ ಕೈ ಎತ್ತಿದ್ದೆ ಅಬ್ಬಾ. ಕೈ ನಂದು ಅಂದಿದ್ರಲ್ಲ, ಅದು ನೆನಪಾತು. ಕೈನೂ ನಿಮ್ಮದು, ಹೆಸರೂ ನಿಮ್ಮದು ಅಂದ್ರ ಆ ಏಣಿ ಮ್ಯಾಲ ನಿಂತಾಕಿ ಯಾರು?"

ಅವಳು ಒಳಗೆ ಹೋದಳು. ಒಳಗಿನ ಕೊಡದಿಂದ ಅವಳು ನೀರು ಬಗ್ಗಿಸಿಕೊಂಡು ಕುಡಿಯುವುದು ಅವರಿಗೆ ಕೇಳಿಸುತ್ತಿತ್ತು. ಆಮೇಲೆ ಅವರು ಬಹಳ ಸಣ್ಣ ಧ್ವನಿಯಲ್ಲಿ ಹೇಳಿದರು.

"ನಾಳಿ ಮಾನ್ವಿಗೆ ಹೋಗು. ಆ ಎರಡನೇ ಮಾತು ಅಳಸಿ ಬಾ. ನಾಲ್ಕು ಮಂದಿ ಅಲ್ಲ, ನಲವತ್ತು ಮಂದಿನ ಕೂಡಸ್ತೀನಿ. ಇಜಾಜತ್ ಕೊಡ್ತೀನಿ ಬೇಟಿ. ನಿನಗೇ ಕೊಡ್ತೀನಿ."

ಹನ್ನೆರಡು ವರ್ಷ ಅವಳು ಕಾದಿದ್ದು ಈ ಮಾತಿಗೆ. ಒಂದು ದಿನ ಮೊದಲು ಬಂದಿದ್ದರೆ ಅವರ ಕಾಲ ಮೇಲೆ ಬಿದ್ದು ಅಳುತ್ತಿದ್ದಳು. ಈಗಲೂ ಅಳು ಬಂತು, ಆದರೆ ಸಿಟ್ಟು ಅದನ್ನು ತಡೆಯಿತು. ಅವಳು ಬೆರಳಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ತಿಕ್ಕುತ್ತ ಅಪ್ಪನ ಮುಂದೆ ಬಂದು ನಿಂತಳು.

"ಎಣ್ಣಿ ಬಣ್ಣ ಹಾಕೀನಿ ಅಬ್ಬಾ. ಅಳಸಾಕ ಬರಂಗಿಲ್ಲ."